ಮತ್ತೆ ಮತ್ತೆ ಓದುವುದಾ, ಪುಸ್ತಕ ಮುಚ್ಚಿ ಬರೆಯುವುದಾ?

ಎಸ್‌ಎಸ್‌ಎಲ್‌ಸಿ ಮಕ್ಕಳಿರುವ ಮನೆಗೆ ಬಿಟ್ಟಿ ಸಲಹೆಗೆ ಬರವಿಲ್ಲ. ಬೆಳಗ್ಗೆ ನಾಲ್ಕಕ್ಕೆ ಎಬ್ಬಿಸಿ, ಟ್ಯೂಷನ್‌ಗೆ ಹಾಕಿ, ಗೈಡ್ ತಂದುಕೊಡಿ, ಟಿವಿ ಕೇಬಲ್ ಕಿತ್ತುಹಾಕಿ. ನಮ್ಮ ಮನೆಯಲ್ಲಿ ಮಗಳು, ಮೇಲಿನ ಮನೆಯಲ್ಲಿ ಅಕ್ಕನ ಮಗ, ಇಬ್ಬರದೂ ಒಂದೇ ವರ್ಷ ಹತ್ತನೇ ಕ್ಲಾಸ್. ಹಾಗಾಗಿ ಕೆಲವು ಪದ್ಧತಿಗಳನ್ನು ಪಕ್ಕಪಕ್ಕದಲ್ಲೇ ಇಟ್ಟು ನೋಡಲು ನನಗೆ ಅನುಕೂಲವಾಯಿತು.

ಮುಖ್ಯ ಪೈಪೋಟಿ ಎರಡರ ನಡುವೆ. ಒಂದು, ಪಾಠವನ್ನು ಮತ್ತೆ ಮತ್ತೆ ಓದಿ ಹೈಲೈಟರ್‌ನಲ್ಲಿ ಗೆರೆ ಎಳೆಯುವುದು. ಇನ್ನೊಂದು, ಒಂದೆರಡು ಸಲ ಓದಿ, ಪುಸ್ತಕ ಮುಚ್ಚಿ, ನೆನಪಿರುವುದನ್ನು ರಫ್ ಬುಕ್ಕಿನಲ್ಲಿ ಬರೆಯುವುದು. ವಿಜ್ಞಾನದ ಕೆಲವು ಪಾಠ ಹಾಗೆ, ಕೆಲವು ಹೀಗೆ ಅಂತ ಹಂಚಿಕೊಂಡೆವು. ಭಾನುವಾರ ನಾನೇ ಪ್ರಶ್ನೆ ಕೊಡುತ್ತಿದ್ದೆ.

ಓದಿದ ದಿನ ಸಂಜೆ ಕೇಳಿದರೆ ಗೆರೆ ಎಳೆದ ಪಾಠವೇ ಚೆನ್ನಾಗಿ ಬರುತ್ತಿತ್ತು. ಮಕ್ಕಳಿಗೂ ಅದೇ ಇಷ್ಟ, ಯಾಕಂದ್ರೆ ಸುಲಭ. ಆದರೆ ಭಾನುವಾರ ಬರುವಷ್ಟರಲ್ಲಿ ಕಥೆಯೇ ಬೇರೆ. ಹೃದಯದ ಚಿತ್ರ ಬರೆಯಲು ಹೇಳಿದರೆ ಹುಡುಗ ಆಕಾರ ಸರಿಯಾಗೇ ಬರೆದ, ಎಡ ಹೃತ್ಕುಕ್ಷಿಯನ್ನೂ (ಹೃದಯದ ಕೆಳಗಿನ ಕೋಣೆ) ಬಲ ಹೃತ್ಕುಕ್ಷಿಯನ್ನೂ ಅದಲುಬದಲು ಗುರುತಿಸಿದ. "ಚಿಕ್ಕಮ್ಮಾ, ನಂಗೆ ಗೊತ್ತು, ಬರೆಯೋವಾಗ ಮಾತ್ರ ಹೀಗಾಗುತ್ತೆ" ಅಂದ. ಅಡುಗೆ ವಿಡಿಯೊ ನೋಡುವಾಗ ಎಲ್ಲ ಗೊತ್ತಿದೆ ಅನ್ನಿಸುತ್ತದೆ, ಒಲೆ ಮುಂದೆ ನಿಂತಾಗ ತಾನೇ ಬಣ್ಣ ಬಯಲಾಗುವುದು!

ಇದು ನಮ್ಮ ಮನೆಯ ವಿಚಿತ್ರವೇನಲ್ಲ. ಅಮೆರಿಕದ ಸೇಂಟ್ ಲೂಯಿಸ್‌ನಲ್ಲಿರುವ ವಾಷಿಂಗ್ಟನ್ ವಿಶ್ವವಿದ್ಯಾಲಯದ ರೋಡಿಗರ್ ಮತ್ತು ಕಾರ್ಪಿಕೆ 2006ರಲ್ಲಿ ಇಂಥದ್ದೇ ಪ್ರಯೋಗವನ್ನು ಪ್ರಕಟಿಸಿದ್ದರು. 5 ನಿಮಿಷ ಬಿಟ್ಟು ಪರೀಕ್ಷೆ ಮಾಡಿದಾಗ ಮತ್ತೆ ಓದಿದವರು ಮುಂದಿದ್ದರು. 2 ದಿನ ಬಿಟ್ಟು, ಒಂದು ವಾರ ಬಿಟ್ಟು ನೋಡಿದಾಗ ನೆನಪಿನಿಂದ ಬರೆದವರೇ ಮುಂದೆ. ಮಾರ್ಚ್ ತಿಂಗಳ ಪರೀಕ್ಷೆಗೆ ಜೂನ್‌ನಿಂದ ಓದುವ ನಮ್ಮ ಮಕ್ಕಳಿಗೆ ಯಾವುದು ಬೇಕು ಅಂತ ಬಿಡಿಸಿ ಹೇಳಬೇಕಿಲ್ಲ.

ಗಣಿತದಲ್ಲಂತೂ ವ್ಯತ್ಯಾಸ ಕಣ್ಣಿಗೆ ಹೊಡೆಯುತ್ತದೆ. ಥೇಲ್ಸ್ ಪ್ರಮೇಯವನ್ನೇ ತೆಗೆದುಕೊಳ್ಳಿ, ತ್ರಿಭುಜದ ಒಂದು ಬಾಹುವಿಗೆ ಸಮಾನಾಂತರವಾಗಿ ಎಳೆದ ಗೆರೆ ಉಳಿದೆರಡು ಬಾಹುಗಳನ್ನು ಒಂದೇ ಅನುಪಾತದಲ್ಲಿ ಭಾಗಿಸುತ್ತದೆ ಅನ್ನುವುದು. ಮಗಳು ಅದನ್ನು ಪೂರ್ತಿ ಉರು ಹೊಡೆದಿದ್ದಳು. ದತ್ತ, ಸಾಧನೀಯ, ರಚನೆ ಎಲ್ಲ ಸರಾಗ. ಚಿತ್ರದಲ್ಲಿ ಅಕ್ಷರ ಬದಲಿಸಿ ಕೊಟ್ಟೆ ನೋಡಿ, ಅರ್ಧಕ್ಕೇ ನಿಂತಳು. ಎರಡು ಸಣ್ಣ ತ್ರಿಭುಜಗಳ ವಿಸ್ತೀರ್ಣ ಸಮ ಅಂತ ಬರೆದಿದ್ದಳು, ಯಾಕೆ ಸಮ ಅಂದರೆ ಉತ್ತರವಿಲ್ಲ. ಎರಡಕ್ಕೂ ಪಾದ ಒಂದೇ, ಎರಡೂ ಅದೇ ಸಮಾನಾಂತರ ರೇಖೆಗಳ ನಡುವೆ ಇವೆ, ಅದಕ್ಕೇ ಸಮ. ಇಡೀ ಪ್ರಮೇಯ ನಿಂತಿರುವುದೇ ಆ ಒಂದು ಸಾಲಿನ ಮೇಲೆ. ಆಮೇಲೆ ಪುಸ್ತಕ ಮುಚ್ಚಿ, ಪ್ರತಿ ಹೆಜ್ಜೆಯ ಪಕ್ಕದಲ್ಲಿ ಕಾರಣ ಬರೆಯುತ್ತಾ ಹೋದಳು. ಈಗ ಯಾವ ಅಕ್ಷರ ಕೊಟ್ಟರೂ ಹೆದರುವುದಿಲ್ಲ.

ಹಾಗಂತ ಬಾಯಿಪಾಠವನ್ನು ಪೂರ್ತಿ ಬಿಡಬೇಡಿ. ಕನ್ನಡದ ಕಂಠಪಾಠ ಪದ್ಯಕ್ಕೆ ಅದೇ ರಾಜಮಾರ್ಗ. ಜೋರಾಗಿ ಹೇಳಿಕೊಂಡು ರಾಗ ಹಿಡಿದರೆ ಬೇಗ ಬರುತ್ತದೆ. ಕೊನೆಗೊಮ್ಮೆ ಬರೆದು ನೋಡಬೇಕು ಅಷ್ಟೆ, ಒತ್ತಕ್ಷರ ತಪ್ಪುವುದು ಅಲ್ಲೇ.

ಗೈಡ್ ಮತ್ತು ಹಳೇ ಪ್ರಶ್ನೆಪತ್ರಿಕೆಗಳಲ್ಲಿ ನನ್ನ ಓಟು ಪ್ರಶ್ನೆಪತ್ರಿಕೆಗೆ. ಗೈಡಿನಲ್ಲಿ ಉತ್ತರ ಕಣ್ಣೆದುರಿಗೇ ಇರುತ್ತದೆ, ಕೈ ಸುಮ್ನೆ ನಕಲು ಮಾಡುತ್ತದೆ, ತಲೆಗೆ ಕೆಲಸವಿಲ್ಲ. ಪರೀಕ್ಷಾ ಮಂಡಳಿಯ ವೆಬ್‌ಸೈಟ್‌ನಲ್ಲಿ ಮಾದರಿ ಪತ್ರಿಕೆಗಳು ದುಡ್ಡಿಲ್ಲದೆ ಸಿಗುತ್ತವೆ. ವಿಜ್ಞಾನ, ಗಣಿತ, ಸಮಾಜಕ್ಕೆ ಲಿಖಿತ 80 ಅಂಕ, ಓದಿಕೊಳ್ಳುವ 15 ನಿಮಿಷವೂ ಸೇರಿ 3 ಗಂಟೆ 15 ನಿಮಿಷ. ಗಡಿಯಾರ ಇಟ್ಟು ಒಂದು ಪೂರ್ತಿ ಪತ್ರಿಕೆ ಬರೆಸಿ ನೋಡಿ. ಒಂದು ಅಂಕದ ಪ್ರಶ್ನೆಗೆ ಅರ್ಧ ಪುಟ ತುಂಬಿಸುವ ಚಟ ಎದ್ದು ಕಾಣುತ್ತದೆ. ನಮ್ಮ ಹುಡುಗನಿಗೆ ಕೊನೆಯ ದೊಡ್ಡ ಪ್ರಶ್ನೆಗೆ ಟೈಮೇ ಉಳಿಯುತ್ತಿರಲಿಲ್ಲ, ಕಾರಣ ಇದೇ.

ಬೆಳಗಿನ ಓದೋ, ರಾತ್ರಿ ಓದೋ? ನನಗೆ ಕಂಡ ಮಟ್ಟಿಗೆ ದೊಡ್ಡ ವ್ಯತ್ಯಾಸವಿಲ್ಲ. ಮಗಳಿಗೆ ಬೆಳಗ್ಗೆ ಹಿಡಿಸುತ್ತದೆ, ಅವನಿಗೆ ರಾತ್ರಿ. ರಾತ್ರಿ ಹನ್ನೆರಡರವರೆಗೆ ಓದಿಸಿ ನಾಲ್ಕಕ್ಕೆ ಎಬ್ಬಿಸುವುದು ಮಾತ್ರ ಬೇಡವೇ ಬೇಡ. ನಿದ್ದೆಗೆಟ್ಟ ಮಗು ಪುಸ್ತಕದ ಮೇಲೇ ತೂಕಡಿಸುತ್ತದೆ, ಓದಿದ್ದೂ ನಿಲ್ಲುವುದಿಲ್ಲ.

ಜೊತೆಯಲ್ಲಿ ಓದುವುದರ ಬಗ್ಗೆ ನನಗೆ ನಂಬಿಕೆ ಇರಲಿಲ್ಲ, ಹರಟೆಯೇ ಜಾಸ್ತಿ ಅಲ್ವಾ? ಇಬ್ಬರೇ ಕೂತು, ಒಬ್ಬರು ಪಾಠ ಹೇಳಿ ಇನ್ನೊಬ್ಬರು ಪುಸ್ತಕ ಹಿಡಿದು ತಪ್ಪು ಹುಡುಕಿದರೆ ಚೆನ್ನಾಗೇ ನಡೆಯುತ್ತದೆ. ಇನ್ನೊಬ್ಬರ ತಪ್ಪು ಹುಡುಕಲು ಯಾರಿಗೆ ಬೇಜಾರು! ನಾಲ್ಕನೆಯವರು ಸೇರಿದರೆ ಕ್ರಿಕೆಟ್ ಮಾತು ಶುರು.

ಪ್ರಿಪರೇಟರಿ ಮುಗಿದ ಮೇಲೆ ಎಚ್ಚರಾದವರಿಗೆ ಇಷ್ಟೆಲ್ಲಕ್ಕೆ ಪುರುಸೊತ್ತಿಲ್ಲ. ಅವರು ವಿಜ್ಞಾನದ ಚಿತ್ರ, ಸಮಾಜದ ಭಾರತ ನಕ್ಷೆ, ಗಣಿತದ ಪ್ರಮೇಯ, ಕಂಠಪಾಠ ಪದ್ಯ, ಈ ನಾಲ್ಕನ್ನು ಮೊದಲು ಹಿಡಿಯಲಿ. ದಿನಕ್ಕೊಂದು ಚಿತ್ರವನ್ನಾದರೂ ನೋಡದೆ ಬರೆದು, ಆಮೇಲೆ ಪುಸ್ತಕ ತೆರೆದು ತಪ್ಪಿಗೆ ಕೆಂಪು ಪೆನ್ನು ಹಾಕಲಿ. ಮಾರನೇ ದಿನ ಆ ಕೆಂಪು ಗುರುತಿನ ಜಾಗವನ್ನಷ್ಟೇ ಮತ್ತೆ ಬರೆದರೆ ಸಾಕು.