ಸ್ಟೆಪ್ನಿ ಕ್ಯಾರಿಯರಿನ ಕೀಲಿಗೆ ಯಾವ ಬುಷ್? ಗನ್‌ಮೆಟಲ್, ನೈಲಾನ್, ಡೆಲ್ರಿನ್ ಮತ್ತು ಬೇರಿಂಗ್‌ಗಳ ಹೋಲಿಕೆ

ಪಕ್ಕಕ್ಕೆ ತೆರೆದುಕೊಳ್ಳುವ ಸ್ಟೆಪ್ನಿ ಕ್ಯಾರಿಯರನ್ನು ಮುಚ್ಚುವಾಗ ಟೈರಿನ ಅಡಿಗೆ ಮೊಣಕಾಲು ಕೊಟ್ಟು ಒಂದಿಷ್ಟು ಮೇಲೆತ್ತಿದ ಹೊರತು ಲಾಕ್ ಕೂರುವುದಿಲ್ಲವೆಂದಾದರೆ, ಎದುರು ತುದಿಯ ಕೀಲಿನಲ್ಲಿ ಬುಷ್ (ಪಿನ್ನಿನ ಸುತ್ತ ಕೂರುವ ಬಳೆಯಂಥ ತುಂಡು) ಸವೆದಿದೆ ಎಂದೇ ತಿಳಿಯಬೇಕು. ಬುಷ್ ಬದಲಿಸುವುದೇನೂ ದೊಡ್ಡ ಕೆಲಸವಲ್ಲ. ಯಾವುದರ ಬುಷ್ ಹಾಕಿಸಬೇಕೆಂದು ಕೇಳಿದರೆ ಮಾತ್ರ ಲೇತ್‌ನವರು ಒಂದು ಹೇಳುತ್ತಾರೆ, ಬಿಡಿಭಾಗದ ಅಂಗಡಿಯವರು ಇನ್ನೊಂದು ಹೇಳುತ್ತಾರೆ. ನನ್ನ ಹಳೆಯ ಜೀಪಿಗೆ ನೈಲಾನ್, ಎಣ್ಣೆ ಹೀರಿಸಿದ ಬುಷ್, ಡೆಲ್ರಿನ್ ಎಂಬ ಗಟ್ಟಿ ಪ್ಲಾಸ್ಟಿಕ್ ಮತ್ತು ಗನ್‌ಮೆಟಲ್ ಎಂಬ ತಾಮ್ರದ ಮಿಶ್ರಲೋಹ ಈ ನಾಲ್ಕನ್ನೂ ಬೇರೆ ಬೇರೆ ಕಾಲದಲ್ಲಿ ಹಾಕಿಸಿ ಓಡಿಸಿದ್ದೇನೆ. ಬುಷ್ ಬದಲು ಟೇಪರ್ ಬೇರಿಂಗ್ (ಓರೆಯಾಗಿ ಕೂತ ರೋಲರ್‌ಗಳ ಮೇಲೆ ತಿರುಗುವ ಬೇರಿಂಗ್) ಹಾಕಿಸಿಕೊಂಡ ಸ್ನೇಹಿತರೊಬ್ಬರ ಗಾಡಿಯೂ ನನ್ನ ಕೈಯಲ್ಲಿ ಸಾಕಷ್ಟು ಓಡಿದೆ. ಓಡಾಟವೆಲ್ಲ ತುಮಕೂರಿನಿಂದ ಮಧುಗಿರಿ, ಪಾವಗಡದ ಕಡೆಗೆ. ಅಂದರೆ ವರ್ಷದ ಬಹುಪಾಲು ಕೆಂಪು ಧೂಳು ಮತ್ತು ಕ್ರಷರ್ ಪುಡಿ, ಮಳೆಗಾಲದಲ್ಲಿ ದೇವರಾಯನದುರ್ಗದ ಸುತ್ತಿನ ಕೆಸರು. ಕರಾವಳಿಯ ಹವೆಯಲ್ಲಿ ಓಡಿಸುವವರಿಗೆ ಇದೇ ತೀರ್ಮಾನ ಒಪ್ಪಬೇಕೆಂದೇನೂ ಇಲ್ಲ.

ಈ ಕೀಲಿನ ಮೇಲೆ ಬೀಳುವ ಭಾರವನ್ನು ಮೊದಲು ನೋಡಬೇಕು. ನನ್ನ ಗಾಡಿಯಲ್ಲಿ ಬಂಪರಿನ ಮೇಲೆ 25 ಮಿ.ಮೀ. ದಪ್ಪದ ಪಿನ್ ನೆಟ್ಟಗೆ ನಿಂತಿದೆ, ಕ್ಯಾರಿಯರ್ ತೋಳಿನ ಪೈಪು ಅದರ ಮೇಲೆ ಇಳಿಯುತ್ತದೆ, ಪೈಪಿನ ಮೇಲೂ ಕೆಳಗೂ ಒಂದೊಂದು ಬುಷ್ ಇದೆ. ಟೈರು ಮತ್ತು ಡಿಸ್ಕ್ ಸೇರಿ ಸುಮಾರು 30 ಕಿಲೋ, ಅದರ ನಡುಬಿಂದು ಪಿನ್ನಿನಿಂದ 60 ಸೆಂ.ಮೀ. ದೂರ, ಎರಡು ಬುಷ್‌ಗಳ ನಡುವೆ 12 ಸೆಂ.ಮೀ. ಅಂತರ ಎಂದಿಟ್ಟುಕೊಂಡರೆ, ತೆರೆದು ನಿಲ್ಲಿಸಿದಾಗ ಪ್ರತಿಯೊಂದು ಬುಷ್ ಮೇಲೆ ಅಡ್ಡಲಾಗಿ ಸುಮಾರು 150 ಕಿಲೋ ಒತ್ತಡ ಬೀಳುತ್ತದೆ; ತೋಳಿನ ತೂಕ ಇದರಲ್ಲಿ ಸೇರಿಲ್ಲ. ಒತ್ತಡದ ದಿಕ್ಕೂ ಬದಲಾಗುವುದಿಲ್ಲ. ಬಿಚ್ಚಿ ನೋಡಿದರೆ ಮೇಲಿನ ಬುಷ್ ಚಕ್ರಕ್ಕೆ ಬೆನ್ನಾದ ಬದಿಯಲ್ಲಿ, ಕೆಳಗಿನ ಬುಷ್ ಚಕ್ರದ ಬದಿಯಲ್ಲಿ ಸವೆದಿರುತ್ತದೆ, ಎರಡರ ತೂತೂ ಮೊಟ್ಟೆಯಾಕಾರಕ್ಕೆ ತಿರುಗಿರುತ್ತದೆ. ಆದ್ದರಿಂದಲೇ, ಹೊಸ ಬುಷ್ ಸಿಗುವವರೆಗೆ ಹಳೆಯದನ್ನೇ ಹೊರತೆಗೆದು ಅರ್ಧ ಸುತ್ತು ತಿರುಗಿಸಿ ಮತ್ತೆ ಕೂರಿಸಿದರೆ ತೋಳು ಜೋತುಬೀಳುವುದು ತಾತ್ಕಾಲಿಕವಾಗಿ ನಿಲ್ಲುತ್ತದೆ. ಕಂಪನದ ಸದ್ದು ಮಾತ್ರ ಹೋಗುವುದಿಲ್ಲ.

ಪಿನ್ ಕೆಟ್ಟಿದ್ದರೆ ಯಾವ ಬುಷ್ ಹಾಕಿದರೂ ಬಾಳುವುದಿಲ್ಲ. ಉಗುರನ್ನು ಪಿನ್ನಿನ ಮೇಲೆ ಎಳೆದಾಗ ಎಲ್ಲಿಯಾದರೂ ತಡೆದರೆ ಅಲ್ಲಿ ತುಕ್ಕು ಗುಂಡಿ ತೋಡಿದೆ ಎಂದರ್ಥ, ಅದು ಬುಷ್ಷನ್ನು ಅರದಂತೆ ಉಜ್ಜುತ್ತದೆ. ಹೋಲಿಕೆಗೆ ಮುನ್ನ ಹಳೆಯ ಪಿನ್ ತೆಗೆಸಿ, ಹೈಡ್ರಾಲಿಕ್ ಸಿಲಿಂಡರಿನ ಕ್ರೋಮ್ ಲೇಪಿತ ರಾಡಿನ ತುಂಡಿಗೆ ತುದಿಯಲ್ಲಿ ತಿರುಪಿನ ಮರೆ (ಥ್ರೆಡ್) ಕೊಯ್ಯಿಸಿ, ಬಂಪರಿನ ಅಡಿಯಿಂದ ನಟ್ ಬಿಗಿಸಿದೆ. ಅದನ್ನು ವೆಲ್ಡ್ ಮಾಡಬಾರದು. ಆ ಶಾಖಕ್ಕೆ ಕ್ರೋಮ್ ಪದರ ಕೆಡುತ್ತದೆ.

ನೈಲಾನ್ ಅಗ್ಗ, ಲೇತ್‌ನಲ್ಲಿ ಬೇಗ ಇಳಿಯುತ್ತದೆ, ಹಾಕಿದ ದಿನ ಸದ್ದೇ ಇಲ್ಲದೆ ತಿರುಗುತ್ತದೆ, ಗ್ರೀಸ್ ಬೇಡ. ಇಷ್ಟನ್ನೇ ನೋಡಿ ಶಿಫಾರಸು ಮಾಡುವವರು ಬಹಳ. ಆದರೆ ನೈಲಾನ್ ನೀರು ಕುಡಿಯುತ್ತದೆ: ಸಾಮಾನ್ಯ ನೈಲಾನ್-6 ಪೂರ್ತಿ ನೆನೆದಾಗ ತನ್ನ ತೂಕದ ಶೇಕಡಾ 9ರ ಆಸುಪಾಸಿನಷ್ಟು ನೀರನ್ನು ಹೀರಿ ಉಬ್ಬುತ್ತದೆ. ಹೊರಗೆ ಉಕ್ಕಿನ ಪೈಪು ಬಿಗಿಯಾಗಿ ಹಿಡಿದಿರುವುದರಿಂದ ಆ ಉಬ್ಬು ಒಳಗಡೆಗೇ, ಅಂದರೆ ಪಿನ್ನಿನ ಮೇಲೆಯೇ ಬರುತ್ತದೆ. ಮಳೆ ಹಿಡಿದು ಕೆಲವು ವಾರಗಳಾದ ಮೇಲೆ ನನ್ನ ಕ್ಯಾರಿಯರನ್ನು ತೆರೆಯಲು ಎರಡೂ ಕೈ ಹಾಕಬೇಕಾಯಿತು. ಅದಕ್ಕೆಂದು ತೂತನ್ನು ಸಡಿಲ ಮಾಡಿಸಿದರೆ ಮಾರ್ಚ್ ತಿಂಗಳ ಒಣ ಹವೆಯಲ್ಲಿ ಅದೇ ಬುಷ್ ಗಡಗಡ ಎನ್ನುತ್ತದೆ. ಇದಕ್ಕಿಂತ ಕೆಟ್ಟದ್ದು ಕಣ್ಣಿಗೆ ಕಾಣದೆ ನಡೆಯುತ್ತದೆ. ಕಲ್ಲಿನ ಪುಡಿ ಮೆತ್ತಗಿನ ನೈಲಾನಿನಲ್ಲಿ ನಾಟಿಕೊಂಡು ಅಲ್ಲೇ ಉಳಿದು ಪಿನ್ನನ್ನು ಕೆರೆಯುತ್ತದೆ. ಬುಷ್ ನೋಡಲು ಚೆನ್ನಾಗಿಯೇ ಇತ್ತು, ಪಿನ್ನಿನ ಮೇಲೆ ಸಣ್ಣ ಸಣ್ಣ ಅಡ್ಡಗೆರೆಗಳು ಬಿದ್ದಿದ್ದವು. ಸದಾ ಒಂದೇ ಬದಿಯಲ್ಲಿ ಭಾರ ಹೊರುವ ಜಾಗದಲ್ಲಿ ನೈಲಾನ್ ನಿಧಾನವಾಗಿ ಜರುಗಿ ಆಕಾರ ಬಿಡುತ್ತದೆ ಕೂಡ. ನಮ್ಮ ರಸ್ತೆಗೆ ಇದು ಬೇಡ.

ಎಣ್ಣೆ ಹೀರಿಸಿದ ಕಂಚಿನ ಬುಷ್ ಬಗ್ಗೆ ಹೆಚ್ಚು ಬರೆಯುವ ಅಗತ್ಯವಿಲ್ಲ. ಲೋಹದ ಪುಡಿಯನ್ನು ಒತ್ತಿ ಕಾಯಿಸಿ ಮಾಡುವ ಇದರ ಸೂಕ್ಷ್ಮ ರಂಧ್ರಗಳಲ್ಲಿ, ಗಾತ್ರದ ಐದನೇ ಒಂದು ಪಾಲಿನಷ್ಟು ಎಣ್ಣೆ ತುಂಬಿರುತ್ತದೆ. ಫ್ಯಾನಿನಂತೆ ಬಿಡದೆ ತಿರುಗುವ ಶಾಫ್ಟ್ ಅದನ್ನು ಹೊರಗೆಳೆದು ತನ್ನ ಸುತ್ತ ಪದರ ಕಟ್ಟಿಕೊಳ್ಳುತ್ತದೆ. ದಿನಕ್ಕೊಮ್ಮೆ ಕಾಲು ಸುತ್ತು ತಿರುಗುವ ಕೀಲಿನಲ್ಲಿ ಆ ಕ್ರಿಯೆಗೆ ಅವಕಾಶವೇ ಇಲ್ಲ. ಅಂಚಿನ ಮೇಲೆ ಭಾರ ಬಿದ್ದು ಕೆಳಗಿನ ಬುಷ್ಷಿನ ಬಾಯಿ ಪುಡಿಪುಡಿಯಾಗಿ ಉದುರಿತ್ತು.

ಡೆಲ್ರಿನ್ ವಿಷಯ ಬೇರೆ. ನೋಡಲು ನೈಲಾನಿನ ಅಣ್ಣತಮ್ಮಂದಿರಂತಿದ್ದರೂ ಇದು ಪೂರ್ತಿ ನೆನೆದರೂ ಶೇಕಡಾ 1ರಷ್ಟು ನೀರನ್ನೂ ಹೀರುವುದಿಲ್ಲ, ಆದ್ದರಿಂದ ಮಳೆಗಾಲಕ್ಕೂ ಬೇಸಿಗೆಗೂ ಫಿಟ್ ಒಂದೇ ಆಗಿ ಉಳಿಯುತ್ತದೆ. ಪಿನ್ನಿಗಿಂತ 0.1 ಮಿ.ಮೀ. ಸಡಿಲ ಬಿಟ್ಟರೆ ಸಾಕಾಯಿತು. ತುಮಕೂರಿನಲ್ಲಿ ಬೇಕಾದ ಅಳತೆಯ ರಾಡ್ ಸಿಗದೆ ಬೆಂಗಳೂರಿನ ಎಸ್.ಪಿ. ರಸ್ತೆಯಿಂದ ತರಿಸಿದೆ, ಬೆಲೆ ನೈಲಾನಿಗಿಂತ ಜಾಸ್ತಿಯಾದರೂ ಎರಡು ಬುಷ್ಷಿಗೆ ಬೇಕಾಗುವುದು ಗೇಣುದ್ದದ ತುಂಡು ಅಷ್ಟೇ. ಇದರ ದೌರ್ಬಲ್ಯ ಹೊರಮೈಯಲ್ಲಿದೆ. ಪ್ಲಾಸ್ಟಿಕ್ಕಿನ ಪ್ರೆಸ್ ಫಿಟ್ (ಪೈಪಿನೊಳಗೆ ಒತ್ತಿ ಕೂರಿಸಿದ ಬಿಗಿ) ಬಿಸಿಲಿಗೆ ಕಾದು ತಣಿದು ಕ್ರಮೇಣ ಹಿಡಿತ ಬಿಡುತ್ತದೆ, ಆಮೇಲೆ ಪಿನ್ನಿನ ಮೇಲೆ ಬುಷ್ ತಿರುಗುವ ಬದಲು ಪೈಪಿನೊಳಗೆ ಬುಷ್ಷೇ ತಿರುಗಲಾರಂಭಿಸುತ್ತದೆ. ಪೈಪಿನ ಪಕ್ಕದಿಂದ ಒಂದು ಗ್ರಬ್ ಸ್ಕ್ರೂ (ತಲೆಯಿಲ್ಲದ ತಿರುಪು) ಕೊಟ್ಟು ಹಿಡಿಸಿದ ಮೇಲೆ ಆ ತೊಂದರೆ ತೀರಿತು. ಕಲ್ಲಿನ ಪುಡಿ ಇದರಲ್ಲೂ ನಾಟುತ್ತದೆ, ಆದರೆ ನೈಲಾನಿನಷ್ಟಲ್ಲ.

ಗನ್‌ಮೆಟಲ್ ನಮ್ಮ ಲೇತ್‌ಗಳಿಗೆ ಹೊಸದಲ್ಲ. ಟ್ರಾಕ್ಟರಿನ ಸ್ಪಿಂಡಲ್ ಬುಷ್ಷನ್ನು ದಿನವೂ ಇಳಿಸುವವರಿಗೆ ಇದು ನೀರು ಕುಡಿದಷ್ಟು ಸುಲಭ. ತಾಮ್ರಕ್ಕೆ ತವರ, ಸತು, ಸೀಸ ತಲಾ ಶೇಕಡಾ 5ರಷ್ಟು ಬೆರೆತ ಮಿಶ್ರಲೋಹವೇ ಬುಷ್ ಕೆಲಸಕ್ಕೆ ಹೆಚ್ಚು ಬಳಕೆಯಲ್ಲಿದೆ. ಅದರ ಹೆಸರಿನಲ್ಲಿ ಹಿತ್ತಾಳೆಯನ್ನು ದಾಟಿಸುವವರೂ ಇರುವುದರಿಂದ, ಹೊಸದಾಗಿ ಕೊಯ್ದ ಮುಖವನ್ನು ಬಿಸಿಲಿಗೆ ಹಿಡಿದು ನೋಡಬೇಕು: ಗನ್‌ಮೆಟಲ್ ಕೆಂಪು ಛಾಯೆ ತೋರುತ್ತದೆ, ಹಿತ್ತಾಳೆ ಹಳದಿ ಹೊಡೆಯುತ್ತದೆ. ನನ್ನ ಕೆಲಸ ಮಾಡಿಕೊಟ್ಟ ಟರ್ನರ್, ತುಮಕೂರಿನಲ್ಲಿದ್ದ ಎಚ್‌ಎಂಟಿ ಗಡಿಯಾರ ಕಾರ್ಖಾನೆಯಲ್ಲಿ ಪಳಗಿದ ಕೈಯವರು. ಹೊರ ಅಳತೆಯನ್ನು ಪೈಪಿಗಿಂತ 0.03 ಮಿ.ಮೀ. ಹೆಚ್ಚಿಟ್ಟು, ಸುತ್ತಿಗೆ ಮುಟ್ಟದೆ ವೈಸ್‌ನಲ್ಲೇ ಒತ್ತಿ ಕೂರಿಸಿದರು. ಒತ್ತಿದಾಗ ಒಳತೂತು ಕೂದಲೆಳೆಯಷ್ಟು ಕಿರಿದಾಗುತ್ತದೆ, ಆದ್ದರಿಂದ ತೂತನ್ನು ಸರಿಯಾದ ಅಳತೆಗೆ ಸವರುವ ರೀಮರ್ ಹಾಕುವುದು ಕೂರಿಸಿದ ಮೇಲೆಯೇ, ಅದೂ ಎರಡೂ ಬುಷ್ಷಿಗೆ ಒಂದೇ ಓಟದಲ್ಲಿ. ಇಲ್ಲದಿದ್ದರೆ ಎರಡು ತೂತೂ ಒಂದೇ ನೇರದಲ್ಲಿ ನಿಲ್ಲುವುದಿಲ್ಲ. ಒಳಗೆ ಗ್ರೀಸ್ ಹರಿಯಲು ಸುರುಳಿ ಕಾಲುವೆ ಕೊಯ್ದು, ಪೈಪಿಗೆ ಗ್ರೀಸ್ ನಿಪ್ಪಲ್ ಕೂರಿಸಿದೆವು. ಗ್ರೀಸ್ ಇಲ್ಲಿ ಜಾರಿಸುವುದಷ್ಟೇ ಅಲ್ಲದೆ ಧೂಳನ್ನು ಹೊರದೂಡುವ ಕೆಲಸವನ್ನೂ ಮಾಡುತ್ತದೆ: ಪಾವಗಡದಿಂದ ಬಂದ ಮೇಲೆ ಗ್ರೀಸ್ ಗನ್ ಹಿಡಿದು ಒತ್ತಿದರೆ ಬುಷ್ಷಿನ ಹೊರಚಾಚಿದ ಕಾಲರ್ ಅಂಚಿನಿಂದ ಮೊದಲು ಮರಳು ಬೆರೆತ ಕಂದು ಗ್ರೀಸ್ ಬರುತ್ತದೆ, ಬೆರಳಿನಲ್ಲಿ ಉಜ್ಜಿದರೆ ಕರಕರ ಎನ್ನುತ್ತದೆ, ಆಮೇಲೆ ಸ್ವಚ್ಛವಾದದ್ದು ಬರುತ್ತದೆ. ಪ್ಲಾಸ್ಟಿಕ್ ಬುಷ್ಷನ್ನು ಗ್ರೀಸ್ ಬೇಡವೆಂದೇ ಹಾಕಿಸಿಕೊಳ್ಳುವುದರಿಂದ ಅದಕ್ಕೆ ಈ ಶುದ್ಧಿ ಸಿಗುವುದೇ ಇಲ್ಲ. ಆದರೆ ಗ್ರೀಸ್ ಗನ್ ಹಿಡಿಯಲು ಬೇಸರಪಡುವವರು ಗನ್‌ಮೆಟಲ್ ಹಾಕಿಸಬಾರದು, ಡೆಲ್ರಿನ್ ಹಾಕಿಸಲಿ; ಒಣಗಿದ ಗನ್‌ಮೆಟಲ್ ಕಿರುಗುಟ್ಟುತ್ತಾ ಪಿನ್ನನ್ನು ಕಚ್ಚುತ್ತದೆ.

ಸ್ನೇಹಿತರ ಟೇಪರ್ ಬೇರಿಂಗ್ ಕೀಲಿನಲ್ಲಿ ಆಟವೆಂಬುದೇ ಇಲ್ಲ, ಸವೆದರೆ ನಟ್ ಬಿಗಿಸಿ ಸರಿಪಡಿಸಬಹುದು, ಇದು ಒಪ್ಪಬೇಕಾದ ಮಾತು. ಆದರೆ ಅದಕ್ಕೆ ಹೊಸ ಹಬ್ ಮಾಡಿಸಿ ಬಂಪರನ್ನೇ ಕೊಯ್ಯಬೇಕು. ತೋಳು ಅತಿ ಸಲೀಸಾಗಿ ತಿರುಗುವುದರಿಂದ ಇಳಿಜಾರಿನಲ್ಲಿ ನಿಲ್ಲಿಸಿ ಲಾಕ್ ತೆಗೆದರೆ 30 ಕಿಲೋ ಭಾರ ತಾನಾಗಿಯೇ ಬೀಸಿಕೊಂಡು ಬರುತ್ತದೆ, ತಡೆಗಂಬಿ ಇಲ್ಲದೆ ಬಳಸುವುದು ಅಪಾಯ. ಮುಚ್ಚಿಕೊಂಡು ಗಂಟೆಗಟ್ಟಲೆ ಒಂದೇ ಜಾಗದಲ್ಲಿ ಅದುರುವ ರೋಲರ್‌ಗಳು ತಮ್ಮ ಹಾದಿಯಲ್ಲಿ ಸಣ್ಣ ಕಚ್ಚು ಬೀಳಿಸುತ್ತವೆ. ಅವರ ಕ್ಯಾರಿಯರನ್ನು ತೆರೆಯುವಾಗ ಮೊದಲ ಚೂರು ತಿರುವಿನಲ್ಲಿ ಟಕ್ಕೆಂದು ತಡೆಯುವುದು ಈಗ ಕೈಗೆ ತಿಳಿಯುತ್ತಿದೆ. ದುಡ್ಡಿಗೆ ತಕ್ಕ ಲಾಭ ನನಗೆ ಕಾಣಲಿಲ್ಲ.

ಈಗ ನನ್ನ ಗಾಡಿಯಲ್ಲಿರುವುದು ಗನ್‌ಮೆಟಲ್ ಬುಷ್, ತೋಳಿನ ಪೂರ್ತಿ ತೂಕ ಕೂರುವ ಕೆಳಗಿನ ಕಾಲರಿನ ಅಡಿಗೆ ಮಾತ್ರ 3 ಮಿ.ಮೀ. ದಪ್ಪದ ಡೆಲ್ರಿನ್ ವಾಷರ್. ಲೋಹಕ್ಕೆ ಲೋಹ ಉಜ್ಜುವ ಸದ್ದು ಅದರಿಂದ ನಿಂತಿತು, ಸವೆದರೆ ವಾಷರ್ ಒಂದನ್ನೇ ಬದಲಿಸಬಹುದು. ಯಾವ ಬುಷ್ ಹಾಕಿಸಿದರೂ ಲಾಕನ್ನು ಮತ್ತೆ ಹೊಂದಿಸಲೇಬೇಕು: ಹಿಂದೆ ಲಾಕನ್ನು ಜೋತುಬಿದ್ದ ತೋಳಿಗೆ ತಕ್ಕಂತೆ ಕೆಳಕ್ಕೆ ಇಳಿಸಿದ್ದು, ಹಾಗೆಯೇ ಬಿಟ್ಟರೆ ಅದು ನೆಟ್ಟಗಾದ ತೋಳನ್ನು ಪ್ರತಿ ಸಲ ಕೆಳಕ್ಕೆ ಎಳೆದು ಹಿಡಿಯುತ್ತದೆ, ಮತ್ತು ಹೊಸ ಬುಷ್ ಮೊದಲ ವಾರದಿಂದಲೇ ಹಳೆಯದು ಸವೆದ ಜಾಗದಲ್ಲೇ ಸವೆಯತೊಡಗುತ್ತದೆ. ಲಾಕಿನ ಬೋಲ್ಟ್ ಸಡಿಲಿಸಿ, ತೋಳನ್ನು ಮುಟ್ಟದೆ ತಾನಾಗಿ ನಿಲ್ಲುವ ಎತ್ತರಕ್ಕೆ ಲಾಕನ್ನು ತಂದು ಬಿಗಿಸಬೇಕು.