ಡಿಸ್ಕ್ ನಿಲ್ಲಿಸುವಾಗ ಇಎಸ್‌ಸಿ ಸುಡದಿರಲು: ನಾನು ಪರೀಕ್ಷಿಸಿದ ನಾಲ್ಕು ದಾರಿ

ರೋಬೋ ಕಾಳಗಕ್ಕೆ ಮಾಡಿದ ನಮ್ಮ 1.36 ಕೆಜಿಯ (ಬೀಟಲ್‌ವೇಟ್ ವರ್ಗದ) ರೋಬೋದಲ್ಲಿ ವೆಪನ್ ಇಎಸ್‌ಸಿ, ಅಂದರೆ ಹೊಡೆಯುವ ಡಿಸ್ಕಿನ ಮೋಟಾರನ್ನು ನಿಯಂತ್ರಿಸುವ ಬೋರ್ಡ್, ಸುಟ್ಟಿದ್ದು ಅಖಾಡದಲ್ಲಲ್ಲ, ಮೇಜಿನ ಮೇಲೆ. ಬ್ಯಾಟರಿ ಬದಲು ಗೋಡೆಯ ಕರೆಂಟಿನಿಂದ ನಡೆಯುವ 12 ವೋಲ್ಟಿನ ಪವರ್ ಸಪ್ಲೈ (ಎಸ್‌ಎಂಪಿಎಸ್) ಜೋಡಿಸಿ ಡಿಸ್ಕ್ ತಿರುಗಿಸುತ್ತಿದ್ದೆವು. ಥ್ರಾಟಲ್ ಕೆಳಗೆ ಎಳೆದ ಕೂಡಲೇ ‘ಪಟ್’ ಅಂದಿತು. ಬಿಚ್ಚಿ ನೋಡಿದರೆ ಕರೆಂಟನ್ನು ಆನ್-ಆಫ್ ಮಾಡುವ ಒಂದು ಮಾಸ್‌ಫೆಟ್ಟಿನ ಮೇಲೆ ಸಾಸಿವೆ ಕಾಳಿನಷ್ಟು ತೂತು, ಸುತ್ತ ಕಪ್ಪು ಮಸಿ. ಜೋರಾಗಿ ಓಡುವಾಗ ಏನೂ ಆಗದ್ದು ನಿಲ್ಲಿಸುವಾಗ ಯಾಕೆ ಸುಟ್ಟಿತು?

ಬ್ರೇಕ್ ಹಾಕಿದಾಗ ಮೋಟಾರು ಜನರೇಟರ್ ಆಗುತ್ತದೆ. ಇಎಸ್‌ಸಿಯ ಕೆಳಗಿನ ಮಾಸ್‌ಫೆಟ್ ಆನ್ ಆದಾಗ ವೈಂಡಿಂಗಿನಲ್ಲಿ ಕರೆಂಟ್ ಏರುತ್ತದೆ, ಮೇಲಿನದು ಆನ್ ಆದಾಗ ಅದೇ ಕರೆಂಟ್ ಸಪ್ಲೈ ಕಡೆಗೆ ನುಗ್ಗುತ್ತದೆ. ಥೇಟ್ ವೋಲ್ಟೇಜ್ ಏರಿಸುವ ಬೂಸ್ಟ್ ಕನ್ವರ್ಟರ್ ಕೆಲಸ. ಬ್ಯಾಟರಿಯಾದರೆ ಅದನ್ನು ಒಳಗೆ ಎಳೆದುಕೊಳ್ಳುತ್ತದೆ. ಎಸ್‌ಎಂಪಿಎಸ್ ಕೊಡಬಲ್ಲದು, ತೆಗೆದುಕೊಳ್ಳಲಾರದು. ಹೋಗಲು ಜಾಗವಿಲ್ಲದೆ ವೋಲ್ಟೇಜ್ ಏರುತ್ತಲೇ ಹೋಗಿ 30 ವೋಲ್ಟಿನ ಮಾಸ್‌ಫೆಟ್ಟಿನ ಮಿತಿ ದಾಟುತ್ತದೆ.

ಮೊದಲು ಕೆಪಾಸಿಟರ್ ಹಿಡಿದೆ. ಎಲ್ಲರೂ ಮೊದಲು ಹೇಳುವುದು ಅದನ್ನೇ. ಬೆಂಗಳೂರಿನ ಎಸ್.ಪಿ. ರೋಡಿನಿಂದ 35 ವೋಲ್ಟ್, 1000 ಮೈಕ್ರೋಫ್ಯಾರಡ್‌ನ, ಒಳಗಿನ ರೋಧ ಕಡಿಮೆಯಿರುವ (ಲೋ ಇಎಸ್‌ಆರ್) ಕೆಪಾಸಿಟರ್ ತಂದು ಹಾಕಿದ ಮೇಲೆ ಲೆಕ್ಕಕ್ಕೆ ಕೂತೆ. ನಮ್ಮ ಡಿಸ್ಕ್ 250 ಗ್ರಾಂ, ತ್ರಿಜ್ಯ 6 ಸೆಂ.ಮೀ. ನಿಮಿಷಕ್ಕೆ 10,000 ಸುತ್ತಿನಲ್ಲಿ ಅದರೊಳಗೆ ಸುಮಾರು 247 ಜೂಲ್ ಇರುತ್ತದೆ. ಈ ಕೆಪಾಸಿಟರ್, ಪೂರ್ತಿ ಚಾರ್ಜಾದ ನಮ್ಮ 4ಎಸ್ (ನಾಲ್ಕು ಸೆಲ್ಲಿನ) ಬ್ಯಾಟರಿಯ 16.8 ವೋಲ್ಟಿನಿಂದ 30 ವೋಲ್ಟಿಗೆ ಏರುವಷ್ಟರಲ್ಲಿ ನುಂಗುವುದು 0.31 ಜೂಲ್. ಆನೆ ಹೊಟ್ಟೆಗೆ ಅರೆಕಾಸಿನ ಮಜ್ಜಿಗೆ. ಅಂಥವು 800 ಬೇಕು! ಹಾಗಂತ ಕೆಪಾಸಿಟರ್ ದಂಡವಲ್ಲ. ಬ್ಯಾಟರಿ ವೈರನ್ನು ಬೇಕೆಂದೇ 30 ಸೆಂ.ಮೀ. ಉದ್ದ ಮಾಡಿ ವೋಲ್ಟೇಜಿನ ಏರಿಳಿತ ತೋರಿಸುವ ಲ್ಯಾಬಿನ ಆಸಿಲೋಸ್ಕೋಪ್ ಹಚ್ಚಿದಾಗ ಸೂಜಿಯಂಥ ಮೊನೆಗಳು 25 ವೋಲ್ಟ್ ಮುಟ್ಟುತ್ತಿದ್ದವು. ಇಎಸ್‌ಸಿಯ ಬುಡದಲ್ಲೇ ಕೆಪಾಸಿಟರ್ ಬೆಸೆದಾಗ 19ಕ್ಕೆ ಇಳಿದವು. ಕರೆಂಟ್ ತಟ್ಟನೆ ಬದಲಾಗಗೊಡದ ವೈರಿನ ಗುಣಕ್ಕೆ (ಇಂಡಕ್ಟನ್ಸ್) ಅದು ಮದ್ದು, ಡಿಸ್ಕಿನ ಶಕ್ತಿಗಲ್ಲ.

ಮಿತಿಮೀರಿದ ವೋಲ್ಟೇಜನ್ನು ಹಿಡಿದು ನಿಲ್ಲಿಸುವ ಟಿವಿಎಸ್ ಡಯೋಡಿನ ಕಥೆಯೂ ಅಷ್ಟೇ. ಎಸ್‌ಎಂಬಿಜೆ17ಎ ಆರಿಸಿದೆ: 17 ವೋಲ್ಟಿನವರೆಗೆ ಸುಮ್ಮನಿರುತ್ತದೆ, 21.7 ಆಂಪಿಯರ್ ಹರಿದಾಗಲೂ 27.6 ವೋಲ್ಟ್ ದಾಟಗೊಡುವುದಿಲ್ಲ. 4ಎಸ್ ಬ್ಯಾಟರಿಗೂ 30 ವೋಲ್ಟಿನ ಮಾಸ್‌ಫೆಟ್ಟಿಗೂ ನಡುವೆ ಸರಿಯಾಗಿ ಕೂರುತ್ತದೆ. ಇಲ್ಲಿ ಹಲವರು ಎಡವುತ್ತಾರೆ. ಎಸ್‌ಎಂಬಿಜೆ24ಎ ಹಾಕಿದರೆ ಅದು ಹಿಡಿದು ನಿಲ್ಲಿಸುವುದು 38.9 ವೋಲ್ಟಿನಲ್ಲಿ, ಅಷ್ಟರಲ್ಲಿ ಮಾಸ್‌ಫೆಟ್ ಹೋಗಿರುತ್ತದೆ. ಅದರ 600 ವ್ಯಾಟ್ ಎಂಬುದು ಕೂಡ ಒಂದು ಮಿಲಿಸೆಕೆಂಡಿನ ಮಾತು. ಎಸ್‌ಎಂಪಿಎಸ್ ಮೇಲೆ ಎರಡನೇ ಬ್ರೇಕಿಗೇ ಡಯೋಡ್ ಶಾರ್ಟ್ ಆಯಿತು.

ಬ್ರೇಕ್ ರೆಸಿಸ್ಟರ್ ನಿಜವಾಗಿ ಕೆಲಸ ಮಾಡಿತು. 18.5 ವೋಲ್ಟ್ ದಾಟಿದರೆ ಒಂದು ಮಾಸ್‌ಫೆಟ್ ಆನ್ ಆಗಿ 50 ವ್ಯಾಟಿನ ಅಲ್ಯೂಮಿನಿಯಂ ರೆಸಿಸ್ಟರಿಗೆ ಕರೆಂಟ್ ಹರಿಸುವ ಚಿಕ್ಕ ಬೋರ್ಡ್ ಮಾಡಿದೆ. ಮೊದಲು 2 ಓಮ್ ಇಟ್ಟಿದ್ದೆ. 12 ಆಂಪಿಯರ್ ವಾಪಸ್ ಬಂದಾಗ ವೋಲ್ಟೇಜ್ 24ರವರೆಗೂ ಏರಿತು. 1 ಓಮಿಗೆ ಇಳಿಸಿದ ಮೇಲೆ ಎಸ್‌ಎಂಪಿಎಸ್ ಮೇಲೂ ನೆಮ್ಮದಿಯಾಗಿ ನಿಂತಿತು. ಆದರೆ ಹೀಟ್‌ಸಿಂಕ್ ಸೇರಿ 60 ಗ್ರಾಂ! ಅಷ್ಟು ತೂಕಕ್ಕೆ ದಪ್ಪನೆಯ ರಕ್ಷಾಕವಚ ಸಿಗುತ್ತದೆ. ಈಗ ಆ ಬೋರ್ಡ್ ಮೇಜಿನ ಮೇಲೇ ಖಾಯಂ.

ನನಗೆ ಕೊನೆಗೆ ಹಿಡಿಸಿದ್ದು ಒಂದು ಗ್ರಾಂ ತೂಕವೂ ಇಲ್ಲದ ದಾರಿ, ಸೆಟ್ಟಿಂಗ್ ಬದಲಿಸುವುದು. ಇಎಸ್‌ಸಿಯನ್ನು ನಡೆಸುವ ಎಎಂ32 ಫರ್ಮ್‌ವೇರಿನಲ್ಲಿ ‘ಬ್ರೇಕ್ ಆನ್ ಸ್ಟಾಪ್’ (ಥ್ರಾಟಲ್ ಸೊನ್ನೆಯಾದಾಗ ಬ್ರೇಕ್) ಮತ್ತು ‘ಕಾಂಪ್ಲಿಮೆಂಟರಿ ಪಿಡಬ್ಲ್ಯುಎಂ’ (ಮೇಲಿನ, ಕೆಳಗಿನ ಮಾಸ್‌ಫೆಟ್ ಸರದಿಯಂತೆ ಆನ್ ಆಗುವುದು) ಎರಡನ್ನೂ ಆಫ್ ಮಾಡಿದೆ. ಎರಡನೆಯದು ಚಾಲೂ ಇದ್ದರೆ ಥ್ರಾಟಲನ್ನು 100ರಿಂದ 30ಕ್ಕೆ ಇಳಿಸಿದರೂ ಬ್ರೇಕ್ ಬೀಳುತ್ತದೆ, ಇದು ಬಹಳ ಜನರ ಗಮನಕ್ಕೇ ಬರುವುದಿಲ್ಲ. ಎರಡೂ ಆಫ್ ಆದ ಮೇಲೆ ಡಿಸ್ಕ್ ತನ್ನ ಪಾಡಿಗೆ ಸುತ್ತಿ ನಿಲ್ಲುತ್ತದೆ, ವಾಪಸ್ ಬರುವ ಕರೆಂಟೇ ಇಲ್ಲ. ಇದಕ್ಕೂ ಬೆಲೆಯಿದೆ: ಅರ್ಧ ಥ್ರಾಟಲಿನಲ್ಲಿ ಇಎಸ್‌ಸಿ ಹೆಚ್ಚು ಬಿಸಿಯಾಗುತ್ತದೆ. ಡಿಸ್ಕ್ ನಿಲ್ಲಲು ತಡವಾಗುತ್ತದೆ ಕೂಡ. ಹಲವು ಸ್ಪರ್ಧೆಗಳಲ್ಲಿ ಪವರ್ ತೆಗೆದ 60 ಸೆಕೆಂಡಿನೊಳಗೆ ವೆಪನ್ ನಿಲ್ಲಲೇಬೇಕು. ನಮ್ಮದು 41 ಸೆಕೆಂಡ್ ತೆಗೆದುಕೊಂಡಿತು. ನಿಮ್ಮ ಬೇರಿಂಗ್ ನುಣುಪಾಗಿದ್ದರೆ ಗಡಿಯಾರ ಹಿಡಿದು ನೋಡಿಯೇ ನಿರ್ಧರಿಸಿ.

ಚಕ್ರ ತಿರುಗಿಸುವ ಡ್ರೈವ್ ಮೋಟಾರುಗಳಿಗೆ ಬ್ರೇಕ್ ಬೇಕೇ ಬೇಕು, ಇಲ್ಲದಿದ್ದರೆ ರೋಬೋ ಜಾರಿಕೊಂಡು ಹೋಗುತ್ತದೆ. ಆದರೆ ಅಲ್ಲಿ ಶಕ್ತಿ ಕಡಿಮೆ. ಅದನ್ನು ಬ್ಯಾಟರಿಗೇ ಬಿಟ್ಟಿದ್ದೇನೆ. 850 ಎಂಎಎಚ್‌ನ 4ಎಸ್ ಪ್ಯಾಕಿನಲ್ಲಿ ಸುಮಾರು 45,000 ಜೂಲ್ ಇರುವಾಗ ಡಿಸ್ಕಿನ 247 ಜೂಲ್ ಕೂಡ ಅದಕ್ಕೆ ಲೆಕ್ಕಕ್ಕಿಲ್ಲ. ಚಿಕ್ಕ ವೈರಿನಲ್ಲಿ ಪೂರ್ತಿ ಬ್ರೇಕ್ ಹಾಕಿದಾಗಲೂ ಸ್ಕೋಪ್ ತೋರಿಸಿದ್ದು 17.6 ವೋಲ್ಟ್. ಆದರೆ ಪೆಟ್ಟು ಬಿದ್ದು ಬ್ಯಾಟರಿ ಕನೆಕ್ಟರ್ ಕಳಚಿಕೊಂಡರೆ ನಾವು ಮತ್ತೆ ಎಸ್‌ಎಂಪಿಎಸ್ ದಿನಕ್ಕಿಂತ ಕೆಟ್ಟ ಸ್ಥಿತಿಯಲ್ಲಿರುತ್ತೇವೆ. ಅದಕ್ಕೇ ಪ್ರತಿ ಪಂದ್ಯಕ್ಕೂ ಮುನ್ನ ಬ್ಯಾಟರಿಯ ಆ ಎಕ್ಸ್‌ಟಿ30 ಕನೆಕ್ಟರಿಗೆ ಟೇಪ್ ಸುತ್ತಿ, ಮೇಲೊಂದು ಜಿಪ್ ಟೈ ಬಿಗಿಯುತ್ತೇನೆ.