ಕ್ಯಾಂಪರ್ ವ್ಯಾನಿನ ಫ್ರಿಜ್‌ಗೆ ಗ್ಯಾಸಾ, ಇನ್ವರ್ಟರಾ, ನೇರ ಬ್ಯಾಟರಿಯಾ?

ವ್ಯಾನಿನಲ್ಲಿ ಫ್ರಿಜ್ ಇಡುವುದಾದರೆ 12 ವೋಲ್ಟಿನ ಕಂಪ್ರೆಸರ್ ಫ್ರಿಜ್ಜನ್ನೇ ಇಡಿ, ಜೊತೆಗೆ 100 ಎಎಚ್‌ನ ಲಿಥಿಯಂ ಐರನ್ ಫಾಸ್ಫೇಟ್ ಬ್ಯಾಟರಿ ಕೊಡಿ (ಎಎಚ್ ಅಂದರೆ ಆಂಪಿಯರ್-ಅವರ್, ಬ್ಯಾಟರಿ ಎಷ್ಟು ಕರೆಂಟ್ ಹಿಡಿಯುತ್ತದೆ ಎಂಬ ಅಳತೆ). ಗ್ಯಾಸಿನದನ್ನೂ, ಇನ್ವರ್ಟರ್ ಮೇಲೆ ಮನೆ ಫ್ರಿಜ್ಜನ್ನೂ ಓಡಿಸಿ ನೋಡಿದ ಮೇಲೆ ಹೇಳುತ್ತಿರುವ ಮಾತಿದು. ಆದರೆ ಕಂಪ್ರೆಸರ್ ಫ್ರಿಜ್ಜಿಗೂ ಒಂದು ಕಾಟವಿದೆ. ಅದು ಗೊತ್ತಿಲ್ಲದಿದ್ದರೆ ಬೆಳಿಗ್ಗೆ ಏಳುವಷ್ಟರಲ್ಲಿ ಹಾಲು ಒಡೆದಿರುತ್ತದೆ, ಏನೂ ತಪ್ಪು ಮಾಡದ ಬ್ಯಾಟರಿಯನ್ನು ಬದಲಾಯಿಸಿ ಬರುತ್ತೀರಿ.

ಮೊದಲು ಗ್ಯಾಸ್. ಗ್ಯಾಸ್, 230 ವೋಲ್ಟ್, 12 ವೋಲ್ಟ್ ಮೂರರಲ್ಲೂ ಓಡುವ ಈ ಫ್ರಿಜ್ಜಿನಲ್ಲಿ ಕಂಪ್ರೆಸರ್ ಇಲ್ಲ. ಅಮೋನಿಯ, ನೀರು, ಹೈಡ್ರೋಜನ್ ತುಂಬಿದ ಕೊಳವೆಗಳನ್ನು ಸಣ್ಣ ಉರಿ ಕಾಯಿಸುತ್ತದೆ. ಸದ್ದೇ ಇಲ್ಲ. ದಿನಕ್ಕೆ ಸುಮಾರು 300 ಗ್ರಾಂ ಗ್ಯಾಸ್ ಸಾಕು, 5 ಕೆ.ಜಿ. ಸಿಲಿಂಡರ್ ಎರಡು ವಾರ ಬರುತ್ತದೆ. ಆದರೆ ಒಳಗಿನ ದ್ರವ ಗುರುತ್ವ ಬಲದಿಂದಲೇ ಹರಿಯಬೇಕು. ನಿಂತ ಗಾಡಿ ಮೂರು ಡಿಗ್ರಿಗಿಂತ ಹೆಚ್ಚು ವಾಲಿದರೆ ಹರಿವು ತಡೆಯುತ್ತದೆ, ಉರಿ ಮಾತ್ರ ಕಾಯಿಸುತ್ತಲೇ ಇರುತ್ತದೆ. ಮಲೆನಾಡಿನ ಅಂಗಳಗಳಲ್ಲಿ ಪ್ರತಿ ಸಲ ಚಕ್ರದ ಕೆಳಗೆ ಹಲಗೆ ಕೊಟ್ಟು ಮಟ್ಟ ನೋಡಬೇಕಾಗುತ್ತದೆ. ಹೊರಗೆ 35 ಡಿಗ್ರಿ ದಾಟಿದರೆ ಒಳಗಿನ ತಂಪು ಕೈಕೊಡುತ್ತದೆ; ಏಪ್ರಿಲ್‌ನಲ್ಲಿ ರಾಯಚೂರು ಕಡೆ ಹೋಗುವವರಿಗೆ ಇದಾಗದು. ಗಾಡಿ ಓಡುವಾಗ ಮತ್ತು ಪೆಟ್ರೋಲ್ ಬಂಕಿನಲ್ಲಿ ಗ್ಯಾಸ್ ಬಂದ್ ಮಾಡಲೇಬೇಕು, ಅದು ತೆರೆದ ಉರಿ. ಆಗ 12 ವೋಲ್ಟಿಗೆ ತಿರುಗಿಸಿದರೆ ಹೀಟರ್ ಬಿಡುವಿಲ್ಲದೆ 10ರಿಂದ 14 ಆಂಪಿಯರ್ ಎಳೆಯುತ್ತದೆ. ಎಂಜಿನ್ ಆಫ್ ಮಾಡಿ ಊಟಕ್ಕೆ ಕೂತಾಗ ಮರೆತರೆ ಬ್ಯಾಟರಿ ಖಾಲಿ.

ಮನೆಯ ಸಿಂಗಲ್ ಡೋರ್ ಫ್ರಿಜ್ ಅಗ್ಗ, ಜಾಗವೂ ಬೇಕಾದಷ್ಟು. ತೊಂದರೆ ಇನ್ವರ್ಟರಿನದು. ಫ್ರಿಜ್ ಸುಮ್ಮನಿದ್ದಾಗಲೂ ಇನ್ವರ್ಟರ್ ತಾನು ಎಚ್ಚರವಿರಲು ಸುಮಾರು 15 ವ್ಯಾಟ್ ತಿನ್ನುತ್ತದೆ. 24 ಗಂಟೆಗೆ 360 ವ್ಯಾಟ್-ಅವರ್, ಅಂದರೆ ಬ್ಯಾಟರಿಯಿಂದ 28 ಎಎಚ್. ತಂಪು ಊರಿನಲ್ಲಿ 45 ಲೀಟರಿನ 12 ವೋಲ್ಟ್ ಫ್ರಿಜ್ ಇಡೀ ದಿನಕ್ಕೆ ಬಳಸುವುದೇ ಅಷ್ಟು! ಸ್ಕ್ವೇರ್ ವೇವ್ ಇನ್ವರ್ಟರ್ ಆದರೆ ಕಂಪ್ರೆಸರ್ ಗುಂಯ್‌ಗುಟ್ಟಿ ಬಿಸಿಯಾಗುತ್ತದೆ, ಮನೆಯ ಕರೆಂಟಿನಂತೆ ನಯವಾದ ಅಲೆ ಕೊಡುವ ಪ್ಯೂರ್ ಸೈನ್ ವೇವೇ ಬೇಕು. ಘಾಟಿಯ ತಿರುವಿನಲ್ಲಿ ಬಾಗಿಲು ತೆರೆದುಕೊಳ್ಳದಂತೆ ಚಿಲಕವನ್ನೂ ಹಾಕಿಸಬೇಕು.

ಪೆಲ್ಟಿಯರ್ ಕೂಲರ್ (ಕಂಪ್ರೆಸರ್ ಇಲ್ಲದೆ, ಕರೆಂಟ್ ಹರಿದಾಗ ತಣ್ಣಗಾಗುವ ಬಿಲ್ಲೆಯಿಂದ ತಂಪು ಮಾಡುವ ಪೆಟ್ಟಿಗೆ) ಹೊರಗಿನ ಬಿಸಿಗಿಂತ 15–20 ಡಿಗ್ರಿ ಮಾತ್ರ ಇಳಿಸುತ್ತದೆ. 38 ಡಿಗ್ರಿ ಬಿಸಿಲಿನಲ್ಲಿ ಮೀನು ಇಡುವ ಪೆಟ್ಟಿಗೆಯಲ್ಲ ಅದು.

ಇನ್ನು ಕಂಪ್ರೆಸರ್ ಫ್ರಿಜ್ಜಿನ ಕಾಟ. ರಾತ್ರಿ ಎರಡು ಗಂಟೆಗೆ ಅದು ನಿಲ್ಲುತ್ತದೆ. ಬ್ಯಾಟರಿ ಮೀಟರ್ 12.4 ವೋಲ್ಟ್ ತೋರಿಸುತ್ತಿರುತ್ತದೆ. ಫ್ರಿಜ್ಜಿನಲ್ಲಿ ಸೆಕಾಪ್ ಕಂಪನಿಯ ಬಿಡಿ35 ಕಂಪ್ರೆಸರ್ ಇದ್ದು ಅದಕ್ಕೆ ಎಲ್‌ಇಡಿ ಹಾಕಿಸಿದ್ದರೆ, ನಾಲ್ಕು ಸೆಕೆಂಡಿಗೊಮ್ಮೆ ಒಂದೇ ಒಂದು ಮಿಣುಕು ಕಾಣುತ್ತದೆ: ವೋಲ್ಟೇಜ್ ಕಡಿಮೆ ಎಂದರ್ಥ. ಫ್ರಿಜ್ ಸುಳ್ಳು ಹೇಳುತ್ತಿಲ್ಲ. ಅದು ಅಳೆಯುವುದು ತನ್ನ ಬಾಗಿಲಿಗೆ ಬಂದ ವೋಲ್ಟೇಜನ್ನು, ಬ್ಯಾಟರಿಯ ಬಳಿ ಇರುವುದನ್ನಲ್ಲ. ನಡುವೆ ಸೋರುವುದು ವೈರಿನಲ್ಲಿ.

ಲೆಕ್ಕ ನೋಡಿ. ಬ್ಯಾಟರಿಯಿಂದ ಫ್ರಿಜ್ಜಿಗೆ 5 ಮೀಟರ್, ಹೋಗಿ ಬಂದು 10 ಮೀಟರ್. ವೈರ್ 1.5 ಸ್ಕ್ವೇರ್ ಎಂಎಂ ಆದರೆ 5 ಆಂಪಿಯರ್ ಹರಿಯುವಾಗ 0.6 ವೋಲ್ಟಿನಷ್ಟು ವೈರಿನಲ್ಲೇ ಹೋಗುತ್ತದೆ. ಕಂಪ್ರೆಸರ್ ಎದ್ದೇಳುವ ಕ್ಷಣದಲ್ಲಿ ಕರೆಂಟ್ ಎರಡರಷ್ಟಾದರೆ ನಷ್ಟವೂ ಎರಡರಷ್ಟು. ಇದರ ಮೇಲೆ ಸಿಗರೇಟ್ ಲೈಟರ್ ಸಾಕೆಟ್ಟಿನ ನಷ್ಟ ಬೇರೆ. ಆ ಪ್ಲಗ್ಗಿನ ನಡುವಿನ ಮೊಳೆ ನಿಂತಿರುವುದು ಒಂದು ಸಣ್ಣ ಸ್ಪ್ರಿಂಗಿನ ಮೇಲೆ. ಹೊಂಡದ ರಸ್ತೆಯಲ್ಲಿ ಕುಲುಕಿ ಸಡಿಲವಾಗುತ್ತದೆ, ಸಡಿಲವಾದದ್ದು ಬಿಸಿಯಾಗುತ್ತದೆ. ಕಿತ್ತು ನೋಡಿದರೆ ಮೊಳೆಯ ಸುತ್ತಲ ಪ್ಲಾಸ್ಟಿಕ್ ಕಂದಾಗಿ ಒಂದು ಕಡೆ ಕರಗಿ ಬಾಗಿರುತ್ತದೆ. ಫ್ರಿಜ್ಜಿನ ಬ್ಯಾಟರಿ ಪ್ರೊಟೆಕ್ಷನ್ (ಬ್ಯಾಟರಿ ಪೂರ್ತಿ ಬರಿದಾಗದಂತೆ ಫ್ರಿಜ್ಜನ್ನು ನಿಲ್ಲಿಸುವ ಸೆಟ್ಟಿಂಗ್) ‘ಹೈ’ನಲ್ಲಿದ್ದರೆ 11 ವೋಲ್ಟಿನ ಆಸುಪಾಸಿನಲ್ಲೇ ನಿಲ್ಲುತ್ತದೆ. ಈ ಎಲ್ಲ ನಷ್ಟ ಸೇರಿದಾಗ ಅಲ್ಲಿಗೆ ತಲುಪುವುದು ದೊಡ್ಡ ಮಾತೇ ಅಲ್ಲ.

ಪರಿಹಾರ ಸುಲಭ. ಸಾಕೆಟ್ಟಿನ ಸಹವಾಸ ಬಿಟ್ಟು ಬ್ಯಾಟರಿಯಿಂದ ಫ್ರಿಜ್ಜಿಗೇ ಬೇರೆ ಲೈನ್ ಎಳೆಯಿರಿ. ನೆನಪಿಡಲು ಒಂದು ಲೆಕ್ಕ: ದೂರ ಎಷ್ಟು ಮೀಟರೋ ಅಷ್ಟು ಸ್ಕ್ವೇರ್ ಎಂಎಂ. 4 ಮೀಟರಿಗೆ 4, 6 ಮೀಟರಿಗೆ 6, ಮಲ್ಟಿಸ್ಟ್ರ್ಯಾಂಡ್ ತಾಮ್ರದ್ದು. ಪ್ಲಸ್ ಕಡೆ ಬ್ಯಾಟರಿಯಿಂದ ಒಂದು ಗೇಣಿನೊಳಗೆ 15 ಆಂಪಿಯರ್ ಫ್ಯೂಸ್. ಮೈನಸ್ಸನ್ನು ಗಾಡಿಯ ಲೋಹದ ಮೈಗೆ ಕೊಡಬೇಡಿ, ಅದಕ್ಕೂ ಅದೇ ದಪ್ಪದ ವೈರ್ ಬ್ಯಾಟರಿವರೆಗೆ ಬರಲಿ (ಮೀಟರಿಗೆ ಕರೆಂಟ್ ಅಳೆದು ಕೊಡುವ ಶಂಟ್ ಇದ್ದರೆ ಶಂಟಿನ ಲೋಡ್ ಬದಿಗೆ, ಇಲ್ಲವಾದರೆ ಮೀಟರ್ ಫ್ರಿಜ್ಜಿನ ಖರ್ಚನ್ನೇ ಎಣಿಸದು). ಲಗ್‌ಗಳನ್ನು (ವೈರಿನ ತುದಿಯ ಲೋಹದ ಬಳೆಗಳು) ಒತ್ತಿ ಕ್ರಿಂಪ್ ಮಾಡಿಸಿ, ತಿರುಚಿ ಟೇಪ್ ಸುತ್ತಿದ ಜೋಡಣೆ ಬೇಡ. ಬಿಚ್ಚಿಡುವ ಫ್ರಿಜ್ ಆದರೆ 50 ಆಂಪಿಯರಿನ ಆಂಡರ್ಸನ್ ಕನೆಕ್ಟರ್ ಹಾಕಿ. ಆಮೇಲೆ ಮಲ್ಟಿಮೀಟರಿನಿಂದ ಫ್ರಿಜ್ಜಿನ ತುದಿಯಲ್ಲಿ, ಕಂಪ್ರೆಸರ್ ಓಡುತ್ತಿರುವಾಗಲೇ ಅಳೆಯಿರಿ. ಬ್ಯಾಟರಿಯ ಬಳಿ ಇರುವುದಕ್ಕಿಂತ 0.3 ವೋಲ್ಟಿಗೂ ಮೀರಿ ಇಳಿದಿದ್ದರೆ ಎಲ್ಲೋ ಒಂದು ಲಗ್ ಸಡಿಲ. ಲಿಥಿಯಂ ಬ್ಯಾಟರಿಗೆ ಬಿಎಂಎಸ್ ಎಂಬ ರಕ್ಷಣಾ ಸರ್ಕ್ಯೂಟಿನ ಕಾವಲಿದೆ, ಪ್ರೊಟೆಕ್ಷನ್ ‘ಮೀಡಿಯಂ’ಗೆ ಇಳಿಸಿ. ಎಂಜಿನ್ ಬ್ಯಾಟರಿಯಿಂದ ಓಡಿಸುವವರು ಮಾತ್ರ ‘ಹೈ’ನಲ್ಲೇ ಇಡಿ, ಬೆಳಿಗ್ಗೆ ಗಾಡಿ ಸ್ಟಾರ್ಟ್ ಆಗಬೇಕಲ್ಲ.

ಈ ಕೇಬಲ್, ಫ್ಯೂಸ್, ಲಗ್ ಎಲ್ಲ ಸೇರಿ ಫ್ರಿಜ್ ಬೆಲೆಯ ಹತ್ತನೇ ಒಂದು ಪಾಲೂ ಆಗದು. ಅಷ್ಟು ಚಿಕ್ಕ ಖರ್ಚಿಗೆ ಜುಗ್ಗತನ ಮಾಡಿ ಫ್ರಿಜ್ಜನ್ನು ದೂರುವುದು ನೋಡಿದರೆ ಬೇಸರವಾಗುತ್ತದೆ.

ಕರೆಂಟ್ ಖರ್ಚಿನ ವಿಷಯಕ್ಕೆ ಬಂದರೆ, 45 ಲೀಟರಿನದಕ್ಕೆ ಚಿಕ್ಕಮಗಳೂರಿನ ಚಳಿಗೆ ದಿನಕ್ಕೆ 25–30 ಎಎಚ್, ಕಾರವಾರದ ಸೆಕೆಗೆ 40 ಎಎಚ್ ಹಿಡಿಯಿರಿ. 100 ಎಎಚ್‌ನಲ್ಲಿ 80 ಬಳಸಿದರೆ ಎರಡು ದಿನ ನಿಶ್ಚಿಂತೆ. 200 ವ್ಯಾಟಿನ ಪ್ಯಾನೆಲ್ ಒಳ್ಳೆ ಬಿಸಿಲಿಗೆ 50 ಎಎಚ್ ವಾಪಸ್ ತುಂಬುತ್ತದೆ. ಜುಲೈಯ ಆಗುಂಬೆಯಲ್ಲಿ ಪ್ಯಾನೆಲ್ ನಂಬಬೇಡಿ; ಅಲ್ಲಿ ಕೈಹಿಡಿಯುವುದು ಎಂಜಿನ್ ಕಡೆಯ ಕರೆಂಟಿನಿಂದ ಈ ಬ್ಯಾಟರಿ ತುಂಬುವ 20 ಆಂಪಿಯರಿನ ಡಿಸಿ-ಡಿಸಿ ಚಾರ್ಜರ್, ಎರಡು ಗಂಟೆ ಗಾಡಿ ಓಡಿದರೆ 40 ಎಎಚ್.

ಒಂದೇ ಕಡೆ ಎರಡು ರಾತ್ರಿಗಿಂತ ಹೆಚ್ಚು ನಿಲ್ಲದ ಅಲೆದಾಟ ನನ್ನದು, ಹಾಗಾಗಿ ಈ ಲೆಕ್ಕ ಸಲೀಸಾಗಿ ಕೂಡುತ್ತದೆ. ತೋಟದ ನೆರಳಿನಲ್ಲಿ, ಸಮತಟ್ಟು ಜಾಗದಲ್ಲಿ ವಾರಗಟ್ಟಲೆ ನಿಲ್ಲಿಸುವವರಿಗೆ ಗ್ಯಾಸ್ ಫ್ರಿಜ್ ಇಂದಿಗೂ ಒಗ್ಗುತ್ತದೆ. ಹಣ ಸಾಲದಿದ್ದರೆ ಫ್ರಿಜ್ಜನ್ನು 35 ಲೀಟರಿಗೆ ಇಳಿಸಿ, ಬ್ಯಾಟರಿಯನ್ನು ಇಳಿಸಬೇಡಿ. ಪ್ಯಾನೆಲ್ ಮುಂದಿನ ವರ್ಷ ಹಾಕಿಸಬಹುದು. ಹೊರಡುವ ಹಿಂದಿನ ರಾತ್ರಿ ಮನೆಯ 230 ವೋಲ್ಟಿನಲ್ಲೇ ದೋಸೆ ಹಿಟ್ಟು, ಹಾಲು, ನೀರಿನ ಬಾಟಲಿ ಎಲ್ಲ ತುಂಬಿ ತಣ್ಣಗಾಗಿಸಿ, ಮೊದಲ ದಿನದ ಕರೆಂಟಿನಲ್ಲಿ ದೊಡ್ಡ ಪಾಲು ಅಲ್ಲೇ ಉಳಿಯುತ್ತದೆ.